ಮಡಿಲು ಸೇರಿದ ಮೇಲೆ

ದಕ್ಷಿಣ ಚೀನಾದ ಗ್ವಾಂಗ್‌ಝೌ ನಗರದಲ್ಲಿ, ಪರ್ಲ್ ನದಿಯ ದಂಡೆಗೆ ತಾಗಿಕೊಂಡು ಷಾಮಿಯೆನ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ವೈಟ್ ಸ್ವಾನ್ ಹೋಟೆಲಿನ ಮೊಗಸಾಲೆಯಲ್ಲಿ ವರ್ಷಗಟ್ಟಲೆ ಕಾಣುತ್ತಿದ್ದುದು ಒಂದೇ ಬಗೆಯ ಅತಿಥಿಗಳು: ಅಮೆರಿಕದಿಂದ ಬಂದ ದಂಪತಿ, ಅವರ ತೋಳಲ್ಲಿ ಚೀನಾದ ಮಗು. ಅಮೆರಿಕಕ್ಕೆ ದತ್ತು ಹೋಗುವ ಮಕ್ಕಳ ವೀಸಾ ಆಗುತ್ತಿದ್ದುದು ಗ್ವಾಂಗ್‌ಝೌದ ಕಾನ್ಸುಲೇಟಿನಲ್ಲಿ. ಹಾಗಾಗಿ ದೇಶದ ಯಾವ ಮೂಲೆಯ ಅನಾಥಾಲಯದಿಂದ ಮಗುವನ್ನು ಎತ್ತಿಕೊಂಡು ಬಂದರೂ ಕೊನೆಯ ಕೆಲವು ದಿನ ಈ ಊರಿನಲ್ಲೇ. ಹೋಟೆಲಿನಲ್ಲಿ ಇಳಿದ ಇಂಥ ಕುಟುಂಬಗಳಿಗೆ ಮ್ಯಾಟೆಲ್ ಕಂಪನಿಯ ಗೊಂಬೆಯೊಂದು ಕಾಣಿಕೆಯಾಗಿ ಸಿಗುತ್ತಿತ್ತು. ಹೊಂಗೂದಲ ಬಾರ್ಬಿ, ಅವಳ ತೋಳಲ್ಲಿ ಕಪ್ಪು ಕೂದಲಿನ ಕೂಸು. ಹೆಸರು ‘ಗೋಯಿಂಗ್ ಹೋಮ್ ಬಾರ್ಬಿ’.

ಚೀನಾ ದತ್ತು ಕಾನೂನನ್ನು 1992ರಲ್ಲಿ ಜಾರಿಗೆ ತಂದು ಹೊರದೇಶದವರಿಗೆ ಬಾಗಿಲು ತೆರೆಯಿತು. 2024ರ ಸೆಪ್ಟೆಂಬರಿನಲ್ಲಿ ಆ ಬಾಗಿಲು ಮುಚ್ಚಿತು. ಹತ್ತಿರದ ರಕ್ತಸಂಬಂಧಿಗಳ ಮಕ್ಕಳನ್ನೋ ಸಂಗಾತಿಯ ಮಕ್ಕಳನ್ನೋ ದತ್ತು ಪಡೆಯುವವರಿಗಷ್ಟೇ ಈಗ ಅವಕಾಶ. ನಡುವಿನ ಮೂರು ದಶಕಗಳಲ್ಲಿ ದೇಶ ಬಿಟ್ಟ ಮಕ್ಕಳು 1.6 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಅರ್ಧದಷ್ಟು, ಅಂದರೆ 82,000ಕ್ಕೂ ಹೆಚ್ಚು ಮಕ್ಕಳು ಸೇರಿದ್ದು ಅಮೆರಿಕವನ್ನು. 2005ರ ಒಂದೇ ವರ್ಷದಲ್ಲಿ ಅಲ್ಲಿಗೆ ಹೋದವರು ಸುಮಾರು 7,900. ಆರಂಭದ ವರ್ಷಗಳಲ್ಲಿ, ಒಂದೇ ಮಗುವಿನ ನೀತಿಯ ಬಿಗಿಗೆ ಸಿಕ್ಕಿ ತೊರೆಯಲ್ಪಟ್ಟ ಆರೋಗ್ಯವಂತ ಹೆಣ್ಣುಕೂಸುಗಳೇ ಹೆಚ್ಚಾಗಿ ಹೋಗುತ್ತಿದ್ದವು. ಬರಬರುತ್ತ ಅದು ಬದಲಾಯಿತು. ನೀತಿ ಸಡಿಲವಾಯಿತು, ಚೀನಾದೊಳಗೇ ದತ್ತು ಪಡೆಯುವವರು ಹೆಚ್ಚಿದರು. 2010ರ ದಶಕದ ಹೊತ್ತಿಗೆ ಹೊರದೇಶಕ್ಕೆ ಹೋಗುವವರಲ್ಲಿ ಬಹುಪಾಲು ಚಿಕಿತ್ಸೆ ಬೇಕಿದ್ದ ಮಕ್ಕಳಾಗಿದ್ದರು: ಹೃದಯದಲ್ಲಿ ರಂಧ್ರ, ಸೊಟ್ಟಗಾಲು, ಬೆನ್ನುಹುರಿಯ ದೋಷ, ಸೀಳು ತುಟಿ, ಸೀಳು ಅಂಗುಳ.

ಮಗುವಿನ ಜೊತೆ ಬರುತ್ತಿದ್ದ ಕಡತ ತೆಳ್ಳಗಿರುತ್ತಿತ್ತು. ರಸ್ತೆ ಬದಿಯಲ್ಲೋ ಆಸ್ಪತ್ರೆಯ ಗೇಟಿನಲ್ಲೋ ಸಿಕ್ಕ ಕೂಸಿನ ಹುಟ್ಟಿದ ದಿನ ಎಷ್ಟೋ ಸಲ ಅಂದಾಜಿನದು. ಹೆತ್ತವರಿಗೆ ಸಕ್ಕರೆ ಕಾಯಿಲೆಯಿತ್ತೇ, ಬಸುರಿನಲ್ಲಿ ಏನಾಯಿತು, ಹುಟ್ಟುವಾಗ ತೂಕವೆಷ್ಟು ಎಂಬುದಕ್ಕೆ ಉತ್ತರವಿಲ್ಲ. ಕಾಗದವೇ ಸುಳ್ಳಾಗಿರುವ ಸಾಧ್ಯತೆಯೂ ಇತ್ತು. ಹುನಾನ್ ಪ್ರಾಂತ್ಯದ ಕೆಲವು ಅನಾಥಾಲಯಗಳು ಶಿಶುಗಳನ್ನು ಹಣ ಕೊಟ್ಟು ಕೊಳ್ಳುತ್ತಿದ್ದುದು 2005ರಲ್ಲಿ ಬಯಲಾಗಿ ಜೈಲುಶಿಕ್ಷೆಗಳಾದವು. ವೀಸಾಕ್ಕೆಂದು ನಡೆಯುವ ತಪಾಸಣೆ ಮುಖ್ಯವಾಗಿ ನೋಡುವುದು ಮಗುವಿಗೆ ಅಂಟುರೋಗ ಇದೆಯೇ ಎಂದು. ಮಗುವಿಗೆ ಏನು ಬೇಕು ಎನ್ನುವುದು ಅದರ ವಿಷಯವಲ್ಲ.

ಹೀಗೆ ಎರಡು ವರ್ಷದ ಆಸುಪಾಸಿನ ಮಗುವೊಂದು ಅಮೆರಿಕದ ಮನೆಯೊಂದನ್ನು ತಲುಪುತ್ತದೆ ಎಂದುಕೊಳ್ಳೋಣ. ತುಟಿಯ ಸೀಳನ್ನು ಚೀನಾದಲ್ಲೇ ಹೊಲಿದಿದ್ದಾರೆ, ಅಂಗುಳ ಮಾತ್ರ ತೆರೆದೇ ಇದೆ. ಇಂಥ ಸಾವಿರಾರು ಮಕ್ಕಳನ್ನು ನೋಡಿದ ವೈದ್ಯರೂ ಮನೋವಿಜ್ಞಾನಿಗಳೂ ಕಳೆದ ನಾಲ್ಕು ದಶಕಗಳಲ್ಲಿ ಕಂಡುಕೊಂಡ ಮುಖ್ಯ ಸಂಗತಿ ಇದು: ಮಗು ಚೇತರಿಸಿಕೊಳ್ಳುತ್ತದೆ, ಆದರೆ ಒಟ್ಟಿಗೇ ಅಲ್ಲ. ತೂಕಕ್ಕೆ ಒಂದು ವೇಗ, ಎತ್ತರಕ್ಕೆ ಇನ್ನೊಂದು. ರಕ್ತ ಕೆಲವೊಮ್ಮೆ ಹಿಂದಕ್ಕೇ ಸರಿಯುತ್ತದೆ. ಭಾಷೆ ಓಡುತ್ತದೆ, ನಂಬಿಕೆ ತೆವಳುತ್ತದೆ. ಮೊದಲ ತಿಂಗಳುಗಳಲ್ಲಿ ಮನೆಯವರು ದಿಕ್ಕು ತಪ್ಪುವುದು ಒಂದರ ವೇಗ ನೋಡಿ ಇನ್ನೊಂದನ್ನು ಅಳೆಯಲು ಹೋದಾಗ. ಕೆನ್ನೆ ತುಂಬಿಕೊಂಡಿತು, ಹಾಗಾದರೆ ಎಲ್ಲ ಸರಿಹೋಯಿತು ಎಂದುಕೊಳ್ಳುತ್ತಾರೆ. ಇಲ್ಲವೇ, ತಿಂಗಳು ಎರಡಾದರೂ ಅಮ್ಮನ ಹತ್ತಿರ ಸುಳಿಯುತ್ತಿಲ್ಲ, ಹಾಗಾದರೆ ಇದು ಎಂದೂ ಸರಿಹೋಗದು ಎಂದುಕೊಳ್ಳುತ್ತಾರೆ.

ಅಮೆರಿಕದಲ್ಲಿ ಇಂಥ ಮಕ್ಕಳಿಗೆಂದೇ ಮೊದಲ ಚಿಕಿತ್ಸಾಲಯ ಆರಂಭವಾದದ್ದು 1986ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಆರಂಭಿಸಿದವರು ನವಜಾತ ಶಿಶುಗಳ ತಜ್ಞ ಡಾ. ಡೇನಾ ಜಾನ್ಸನ್. ಅವರೂ ಸೋಂಕುರೋಗ ತಜ್ಞೆ ಮಾರ್ಗರೆಟ್ ಹಾಸ್ಟೆಟರ್ ಅವರೂ ಮೊದಲ ವರ್ಷಗಳಲ್ಲೇ ಒಂದು ಮುಖ್ಯ ವಿಷಯವನ್ನು ಎತ್ತಿ ಹೇಳಿದರು: ಈ ಮಕ್ಕಳ ಕಾಯಿಲೆಗಳಲ್ಲಿ ಹೆಚ್ಚಿನವು ಮೈ ಮುಟ್ಟಿ ನೋಡಿದರೆ ಸಿಗುವಂಥವಲ್ಲ, ರಕ್ತ, ಮಲ, ಚರ್ಮದ ಪರೀಕ್ಷೆ ಮಾಡಿದರಷ್ಟೇ ಸಿಗುವಂಥವು. ಲವಲವಿಕೆಯಿಂದ ಓಡಾಡುವ ಮಗುವಿಗೂ ಆ ಪರೀಕ್ಷೆಗಳೆಲ್ಲ ಆಗಲೇಬೇಕು ಎಂಬ ನಿಯಮ ಬಂದದ್ದು ಹೀಗೆ.

ಊರು ಸೇರಿದ ಎರಡು ವಾರದೊಳಗೆ ಈ ಪರೀಕ್ಷೆಗಳ ಮೊದಲ ಭೇಟಿ ಆಗಬೇಕು. ಪಟ್ಟಿ ಉದ್ದವಿದೆ: ರಕ್ತಕಣಗಳ ಎಣಿಕೆ, ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ, ಎಚ್‌ಐವಿ, ಸಿಫಿಲಿಸ್, ಕ್ಷಯ, ಥೈರಾಯ್ಡ್, ರಕ್ತದಲ್ಲಿನ ಸೀಸ, ಮಲದಲ್ಲಿ ಜಿಯಾರ್ಡಿಯಾದಂಥ ಪರೋಪಜೀವಿಗಳು. ಲಸಿಕೆಯ ಕಾರ್ಡ್ ಇದ್ದರೂ ಅದನ್ನು ಕಣ್ಣು ಮುಚ್ಚಿ ನಂಬುವುದಿಲ್ಲ; ರಕ್ತದಲ್ಲಿ ಪ್ರತಿಕಾಯ ಇದೆಯೇ ನೋಡುತ್ತಾರೆ, ಇಲ್ಲವೇ ಲಸಿಕೆಯನ್ನು ಮತ್ತೆ ಹಾಕುತ್ತಾರೆ. ಬಾಸ್ಟನ್ನಿನ ಟಫ್ಟ್ಸ್‌ನಲ್ಲಿದ್ದ ಡಾ. ಲಾರಿ ಮಿಲ್ಲರ್ ಮತ್ತು ಸಹೋದ್ಯೋಗಿ ಚೀನಾದಿಂದ ಬಂದ 452 ಮಕ್ಕಳ ವಿವರವನ್ನು 2000ದಲ್ಲಿ ಪ್ರಕಟಿಸಿದರು. ಶೇ. 35ರಷ್ಟು ಮಕ್ಕಳಿಗೆ ರಕ್ತಹೀನತೆ ಇತ್ತು. ಶೇ. 14ರಷ್ಟು ಮಕ್ಕಳ ರಕ್ತದಲ್ಲಿ ಸೀಸ ಮಿತಿ ಮೀರಿತ್ತು. ಈ ಎರಡಕ್ಕೂ ನಂಟಿದೆ: ಕಬ್ಬಿಣ ಸಾಲದ ಕರುಳು ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ.

ಮೊದಲ ಭೇಟಿಯಲ್ಲಿ ಎಲ್ಲ ‘ನೆಗೆಟಿವ್’ ಎಂದು ಬಂದರೂ ಕಡತ ಮುಚ್ಚುವಂತಿಲ್ಲ. ದೇಹ ಸೊರಗಿದಾಗ ರೋಗನಿರೋಧಕ ವ್ಯವಸ್ಥೆಯೂ ಮಂಕಾಗಿರುತ್ತದೆ. ಆಗ ಕ್ಷಯದ ಚರ್ಮ ಪರೀಕ್ಷೆಗೆ ಅದು ಪ್ರತಿಕ್ರಿಯಿಸದೆ ಇರಬಹುದು. ಮೂರರಿಂದ ಆರು ತಿಂಗಳು ಚೆನ್ನಾಗಿ ಉಂಡು ಚೇತರಿಸಿಕೊಂಡ ಮೇಲೆ ಅದೇ ತೋಳಿನಲ್ಲಿ ಗುಳ್ಳೆ ಏಳಬಹುದು. ಹೆಪಟೈಟಿಸ್-ಬಿ ವೈರಸ್ ಮೈ ಹೊಕ್ಕರೂ ರಕ್ತದಲ್ಲಿ ಗೋಚರಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ವಿಮಾನ ಹತ್ತುವ ಕೆಲವೇ ದಿನ ಮುಂಚೆ ಸೋಂಕು ತಗಲಿದ್ದರೆ ಮೊದಲ ವರದಿಯಲ್ಲಿ ಅದರ ಸುಳಿವಿರುವುದಿಲ್ಲ. ಹಾಗಾಗಿ ಈ ಪರೀಕ್ಷೆಗಳು ಆರು ತಿಂಗಳಿಗೆ ಮತ್ತೊಮ್ಮೆ.

ಇನ್ನು ಎತ್ತರದ ವಿಷಯ. ಮಿಲ್ಲರ್ ಅವರ ಲೆಕ್ಕದಲ್ಲಿ ಅನಾಥಾಲಯದಲ್ಲಿ ಕಳೆದ ಸುಮಾರು ಮೂರು ತಿಂಗಳಿಗೆ ಒಂದು ತಿಂಗಳ ಬೆಳವಣಿಗೆ ಕಳೆದುಹೋಗುತ್ತಿತ್ತು. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಎರಡು ವರ್ಷದ ಮಗು ಎತ್ತರದಲ್ಲಿ ಒಂದು ವರ್ಷ ನಾಲ್ಕು ತಿಂಗಳಿನ ಮಗುವಿನಷ್ಟಿರುತ್ತದೆ. ಹೊಟ್ಟೆಗೆ ಸಾಲದ್ದರಿಂದ ಹೀಗಾಯಿತು ಎನ್ನುವುದು ಮೊದಲು ಹೊಳೆಯುವ ಉತ್ತರ. ಅದು ಅರ್ಧ ಸತ್ಯ.

ಉಳಿದರ್ಧಕ್ಕೆ ಎರಡನೇ ಮಹಾಯುದ್ಧ ಮುಗಿದ ಹೊಸತರ ಜರ್ಮನಿಗೆ ಹೋಗಬೇಕು. ಬ್ರಿಟನ್ನಿನ ಆಹಾರ ವಿಜ್ಞಾನಿ ಎಲ್ಸಿ ವಿಡೋಸನ್ ಅಲ್ಲಿ ಎರಡು ಚಿಕ್ಕ ಅನಾಥಾಲಯಗಳ ಮಕ್ಕಳನ್ನು ವರ್ಷಪೂರ್ತಿ ತೂಗುತ್ತ ಬಂದರು. ಎರಡೂ ಕಡೆ ಒಂದೇ ಸರ್ಕಾರಿ ಪಡಿತರ. ಮೊದಲ ಆರು ತಿಂಗಳು ಹಾಗೇ ಬಿಟ್ಟು, ಮುಂದಿನ ಆರು ತಿಂಗಳು ಒಂದು ಮನೆಯವರಿಗೆ ಮಾತ್ರ ಹೆಚ್ಚುವರಿ ಬ್ರೆಡ್ಡು, ಜಾಮು, ಕಿತ್ತಳೆ ರಸ ಕೊಟ್ಟು ವ್ಯತ್ಯಾಸ ನೋಡುವುದು ಯೋಜನೆ. ಫಲಿತಾಂಶ ತಲೆಕೆಳಗಾಯಿತು. ಹೆಚ್ಚುವರಿ ಆಹಾರ ಸಿಕ್ಕ ಮನೆಯ ಮಕ್ಕಳ ತೂಕ ಏರುವುದು ನಿಧಾನವಾಯಿತು. ಬರಿಯ ಪಡಿತರದ ಮೇಲಿದ್ದವರು ಮುಂದೆ ಹೋದರು.

ಕಾರಣ ಮೇಲ್ವಿಚಾರಕಿ. ಒಂದು ಮನೆಯನ್ನು ನೋಡಿಕೊಳ್ಳುತ್ತಿದ್ದಾಕೆ ಗಡಸು ಹೆಂಗಸು. ಮಕ್ಕಳನ್ನು ಗದರಿಸಲು, ಎಲ್ಲರೆದುರು ಹಂಗಿಸಲು ಆಕೆ ಊಟದ ಹೊತ್ತನ್ನೇ ಆರಿಸಿಕೊಳ್ಳುತ್ತಿದ್ದಳು. ಆಹಾರ ಹೆಚ್ಚಿಸಿದ ಹೊತ್ತಿಗೆ ಸರಿಯಾಗಿ, ಕಾಕತಾಳೀಯವಾಗಿ ಆಕೆಗೆ ಹೆಚ್ಚುವರಿ ಆಹಾರದ ಮನೆಗೇ ವರ್ಗವಾಗಿತ್ತು. ಹೋಗುವಾಗ ತನ್ನ ಮುದ್ದಿನ ಎಂಟು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದಳು. ಆ ಎಂಟು ಮಕ್ಕಳು ಮಾತ್ರ ಸೊಂಪಾಗಿ ಬೆಳೆದರು. 1951ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ವರದಿಯ ನಂತರ, ಸದಾ ಅಂಜಿಕೆಯಲ್ಲಿರುವ ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನಿನ ಸ್ರಾವವೇ ಕುಂದಬಹುದು, ಜಾಗ ಬದಲಾದರೆ ಔಷಧಿಯಿಲ್ಲದೆ ಮತ್ತೆ ಏರಬಹುದು ಎಂಬುದನ್ನು 1960ರ ದಶಕದಲ್ಲಿ ವೈದ್ಯರು ಆಸ್ಪತ್ರೆಗಳಲ್ಲೇ ತೋರಿಸಿದರು.

ಹಾಗಾಗಿ ಹೊಸ ಮನೆಯಲ್ಲಿ ತಕ್ಕಡಿಯ ಮುಳ್ಳು ಮೇಲೇರುವುದು ಬರಿಯ ಅನ್ನ, ಹಾಲಿನ ಫಲವಲ್ಲ. ಮೊದಲು ತೂಕ ಏರುತ್ತದೆ, ಹಿಂದೆಯೇ ಎತ್ತರ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಮರಿನಸ್ ವಾನ್ ಐಜೆಂಡೂರ್ನ್ ಮತ್ತು ಫೆಮ್ಮಿ ಯುಫರ್ ನೂರಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ದತ್ತು ಮಕ್ಕಳು ತೂಕ, ಎತ್ತರಗಳಲ್ಲಿ ಬಹುಮಟ್ಟಿಗೆ ಓರಗೆಯವರನ್ನು ಹಿಡಿಯುತ್ತಾರೆ ಎಂದು ಕಂಡಿತು. ತಲೆಯ ಸುತ್ತಳತೆ ಮಾತ್ರ ಹಿಂದೆ ಉಳಿಯುತ್ತದೆ. ರೊಮೇನಿಯಾದಲ್ಲಿ 1989ರ ಕೊನೆಗೆ ಚೌಷೆಸ್ಕು ಆಡಳಿತ ಕುಸಿದ ಮೇಲೆ ಅಲ್ಲಿನ ಅನಾಥಾಲಯಗಳಿಂದ ಬ್ರಿಟನ್ನಿಗೆ ಬಂದ ಮಕ್ಕಳನ್ನು ಮನೋವೈದ್ಯ ಮೈಕೆಲ್ ರಟರ್ ಅವರ ತಂಡ ದಶಕಗಳ ಕಾಲ ಹಿಂಬಾಲಿಸಿತು. 2020ರಲ್ಲಿ ಪ್ರಕಟವಾದ ಅದರ ಮಿದುಳು ಸ್ಕ್ಯಾನ್‌ಗಳ ಪ್ರಕಾರ, ಆ ಹೊತ್ತಿಗೆ ಪ್ರಾಯಕ್ಕೆ ಬಂದಿದ್ದ ಇವರ ಮಿದುಳಿನ ಗಾತ್ರ ಹೋಲಿಕೆಯ ಗುಂಪಿಗಿಂತ ಶೇ. 8.6ರಷ್ಟು ಕಡಿಮೆ. ಆದರೆ ಇದೇ ತಂಡದ ಇನ್ನೊಂದು ಮಾತನ್ನೂ ಸೇರಿಸಿಕೊಳ್ಳಬೇಕು: ಆರು ತಿಂಗಳು ತುಂಬುವ ಮೊದಲೇ ಮನೆ ಸೇರಿದವರು ಮುಂದೆ ಬ್ರಿಟನ್ನಿನೊಳಗೇ ದತ್ತು ಹೋದವರಿಗಿಂತ ಹೆಚ್ಚೇನೂ ಭಿನ್ನರಾಗಿರಲಿಲ್ಲ; ಅದಕ್ಕಿಂತ ಹೆಚ್ಚು ಕಾಲ ಅಲ್ಲಿ ಕಳೆದವರಲ್ಲೂ ಐವರಲ್ಲಿ ಒಬ್ಬರು ಯಾವ ತೊಂದರೆಯೂ ಇಲ್ಲದೆ ದೊಡ್ಡವರಾದರು. ಆಗಿನ ರೊಮೇನಿಯಾದ ಸ್ಥಿತಿ ಅತಿ ಘೋರ. ಅಲ್ಲಿನ ಅಂಕಿಗಳನ್ನು ಬೇರೆ ದೇಶದ ಮಗುವಿಗೆ ನೇರವಾಗಿ ಅಂಟಿಸುವಂತಿಲ್ಲ.

ರಕ್ತ ಹಿಂದಕ್ಕೆ ಸರಿಯುವ ಕತೆ ಇನ್ನೂ ವಿಚಿತ್ರ. ಮಿನೆಸೋಟದ ಸಂಶೋಧಕರು ಪೂರ್ವ ಯುರೋಪಿನಿಂದ ಬಂದ ಮಕ್ಕಳ ಕಬ್ಬಿಣದ ದಾಸ್ತಾನನ್ನು ಬಂದಾಗ ಒಮ್ಮೆ, ಆರು ತಿಂಗಳ ಮೇಲೆ ಒಮ್ಮೆ ಅಳೆದು 2008ರಲ್ಲಿ ಪ್ರಕಟಿಸಿದರು. ಒಳ್ಳೆಯ ಊಟ, ಒಳ್ಳೆಯ ಮನೆ, ಆದರೂ ಕೊರತೆ ನೀಗಿರಲಿಲ್ಲ; ಬೇಗ ಬೇಗ ಬೆಳೆದ ಮಕ್ಕಳಲ್ಲೇ ದಾಸ್ತಾನು ಹೆಚ್ಚು ಕರಗಿತ್ತು. ಡಬ್ಬಿಯಲ್ಲಿ ಇದ್ದಷ್ಟೇ ಹಿಟ್ಟು, ಮನೆಗೆ ಮಾತ್ರ ದಿನಕ್ಕೊಬ್ಬರು ನೆಂಟರು ಎಂಬಂಥ ಸ್ಥಿತಿ. ಮೈ ಬೆಳೆದಂತೆ ರಕ್ತದ ಪ್ರಮಾಣ ಹೆಚ್ಚಬೇಕು, ಹೊಸ ರಕ್ತಕಣಕ್ಕೆ ಕಬ್ಬಿಣ ಬೇಕು, ಸ್ನಾಯುವಿಗೂ ಬೇಕು. ಕರುಳಿನಲ್ಲಿ ಜಿಯಾರ್ಡಿಯಾ ಇದ್ದರೆ ಉಂಡದ್ದರಲ್ಲಿ ಕಬ್ಬಿಣ ಸರಿಯಾಗಿ ಒಳಗೂ ಹೋಗದು. ಎರಡು ವರ್ಷದ ವಯಸ್ಸಿನಲ್ಲಿ ಕಬ್ಬಿಣದ ಕೊರತೆಯ ಬಿಸಿ ಮಿದುಳಿಗೂ ತಟ್ಟುತ್ತದೆ; ಗಮನ, ಕಲಿಕೆ, ನಿದ್ದೆ ಮೂರೂ ಏರುಪೇರಾಗುತ್ತವೆ. ಮಗು ಗುಂಡಗಾಗುತ್ತಿದೆ ಎಂದು ಮನೆಯವರು ಹಿಗ್ಗುವ ತಿಂಗಳುಗಳಲ್ಲೇ ವೈದ್ಯರು ಮತ್ತೆ ರಕ್ತ ಕೇಳುವುದು ಇದಕ್ಕೆ.

ಊಟದ ಮೇಜಿನ ಹತ್ತಿರ ಬರೋಣ. ಅಂಗುಳ ತೆರೆದಿರುವ ಮಗುವಿನ ಬಾಯಿಗೂ ಮೂಗಿಗೂ ನಡುವೆ ತಡೆಗೋಡೆಯಿಲ್ಲ. ಒಂದು ಚಮಚ ಅನ್ನದ ಗಂಜಿ ಬಾಯಿಗಿಟ್ಟರೆ ಸ್ವಲ್ಪ ಗಂಟಲಿಗಿಳಿಯುತ್ತದೆ, ಸ್ವಲ್ಪ ಮೂಗಿನ ಹೊಳ್ಳೆಯಲ್ಲಿ ಇಣುಕುತ್ತದೆ. ಮಗು ಒಮ್ಮೆ ಸೀನಿ, ಮುಂಗೈಯಿಂದ ಒರೆಸಿಕೊಂಡು, ಮುಂದಿನ ಚಮಚಕ್ಕೆ ಬಾಯಿ ತೆರೆಯುತ್ತದೆ. ಗಾಬರಿಯೆಲ್ಲ ಅಮ್ಮನದೇ. ಅಂಗುಳವಿಲ್ಲದೆ ಬಾಯಿಯೊಳಗೆ ನಿರ್ವಾತ ಹುಟ್ಟದು, ಆದ್ದರಿಂದ ಚೀಪುವುದೂ ಆಗದು. ಅನಾಥಾಲಯಗಳಲ್ಲಿ ಬಾಟಲಿಯ ನಿಪ್ಪಲ್ಲಿನ ತೂತನ್ನು ಕತ್ತರಿಸಿ ದೊಡ್ಡದು ಮಾಡಿ, ಹಾಲು ತಾನೇ ಸುರಿಯುವಂತೆ ಮಾಡುವ ರೂಢಿಯಿತ್ತು. ಒಬ್ಬ ಆಯಾ, ಹತ್ತಾರು ಬಾಯಿ; ಬೇಗ ಮುಗಿಯಬೇಕು. ಹಾಗೆ ಕುಡಿದು ಬೆಳೆದ ಮಗುವಿಗೆ ಗಟಗಟನೆ ನುಂಗುವುದು ಗೊತ್ತು, ಜಗಿಯುವುದು ಗೊತ್ತಿಲ್ಲ. ಗಟ್ಟಿ ತುಣುಕು ನಾಲಗೆಗೆ ತಾಗಿದರೆ ಉಗುಳುತ್ತದೆ. ಸಾಕು ಎನ್ನುವುದೂ ಗೊತ್ತಿರುವುದಿಲ್ಲ. ತಟ್ಟೆ ಖಾಲಿಯಾದೊಡನೆ ರಚ್ಚೆ ಹಿಡಿಯುತ್ತದೆ, ಕೆನ್ನೆಯೊಳಗೆ ಬ್ರೆಡ್ಡು ಬಚ್ಚಿಟ್ಟುಕೊಂಡು ಮಲಗುತ್ತದೆ.

ಇದಕ್ಕೆ ವೈದ್ಯರ ಸಲಹೆ ಸರಳ: ನೆಟ್ಟಗೆ ಕೂರಿಸಿ ಸಣ್ಣ ಸಣ್ಣ ಚಮಚದಲ್ಲಿ ತಿನ್ನಿಸಿ, ಕೊನೆಗೆ ಒಂದು ಗುಟುಕು ನೀರು ಕುಡಿಸಿ. ಆಹಾರವನ್ನು ಶಿಕ್ಷೆಗೋ ಬಹುಮಾನಕ್ಕೋ ಬಳಸಬೇಡಿ. ದಿನದಲ್ಲಿ ಐದಾರು ಸಲ, ಹೊತ್ತಿಗೆ ಸರಿಯಾಗಿ ಕೊಡಿ. ಇನ್ನೊಂದು ಹೊತ್ತು ಖಂಡಿತ ಬರುತ್ತದೆ ಎಂದು ಹೊಟ್ಟೆಗೆ ನಂಬಿಕೆ ಬಂದಮೇಲೆ ಬಚ್ಚಿಡುವುದು ತಾನಾಗಿ ಕಡಿಮೆಯಾಗುತ್ತದೆ.

ಮೊದಲ ವಾರಗಳಲ್ಲಿ ತಿನ್ನಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು ಅಪ್ಪ-ಅಮ್ಮ ಮಾತ್ರ ಮಾಡಬೇಕು ಎಂದೂ ಹೇಳುತ್ತಾರೆ. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಬಂದು ನೋಡಲಿ, ಎತ್ತಿಕೊಳ್ಳುವುದು ಬೇಡ. ಕೇಳಿದವರಿಗೆ ಇದು ಅತಿಯೆನಿಸಬಹುದು. ಆದರೆ ಪಾಳಿ ಬದಲಾದಂತೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗುವಿಗೆ ದೊಡ್ಡವರೆಲ್ಲ ಒಂದೇ. ಅಂಗಡಿಯಲ್ಲಿ ಸಿಕ್ಕ ಅಪರಿಚಿತರ ಕೈ ಹಿಡಿದು ನಗುನಗುತ್ತ ಹೊರಟುಬಿಡುವ ಮಗುವನ್ನು ನೋಡಿ ನೆಂಟರು, ‘ಎಷ್ಟು ಬೇಗ ಹೊಂದಿಕೊಂಡಿತು!’ ಎನ್ನುತ್ತಾರೆ. ಬೆಚ್ಚಿದಾಗ ಯಾರ ಹತ್ತಿರ ಓಡಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂಬುದರ ಲಕ್ಷಣ ಅದು. ರೊಮೇನಿಯಾದ ಮಕ್ಕಳಲ್ಲಿ ಬಹುಕಾಲ ಉಳಿದ ಗುಣಗಳಲ್ಲಿ ಇದೂ ಒಂದು.

ರಾತ್ರಿಯ ಮೌನವೂ ಹೀಗೇ ದಾರಿ ತಪ್ಪಿಸುತ್ತದೆ. ನಡುರಾತ್ರಿ ಎಚ್ಚರವಾದ ಮಗು ಅಳುವುದಿಲ್ಲ. ತೊಟ್ಟಿಲ ಸರಳು ಹಿಡಿದು ಕೂತು ಹಿಂದೆ ಮುಂದೆ ತೂಗಾಡುತ್ತದೆ. ಅತ್ತರೆ ಯಾರೂ ಬಾರದ ಕಡೆ ಬೆಳೆದವರು ಅಳುವುದನ್ನು ಬಿಟ್ಟಿರುತ್ತಾರೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಮೇರಿ ಡೋಸಿಯರ್ ಸಾಕುಮನೆಗಳ ಮಕ್ಕಳನ್ನು ನೋಡುತ್ತ ಇದರಲ್ಲಿ ಅಡಗಿರುವ ಸುಳಿಯೊಂದನ್ನು ಗುರುತಿಸಿದರು. ಬಿದ್ದು ಪೆಟ್ಟಾದರೂ ಮಗು ಕೈಚಾಚದು, ಎತ್ತಿಕೊಂಡರೆ ತಳ್ಳುತ್ತದೆ. ದೊಡ್ಡವರು, ‘ಇದಕ್ಕೆ ನಾನು ಬೇಡ’ ಎಂದು ಓದಿಕೊಂಡು ಹಿಂದೆ ಸರಿಯುತ್ತಾರೆ. ಮಗುವಿಗೆ ತನ್ನ ಲೆಕ್ಕವೇ ಸರಿಯೆನಿಸುತ್ತದೆ. ಈ ಸುಳಿಯನ್ನು ಮುರಿಯಲು ಡೋಸಿಯರ್ ರೂಪಿಸಿದ ಕ್ರಮದಲ್ಲಿ ತರಬೇತುದಾರರು ಹತ್ತು ಸಲ ಮನೆಗೇ ಬರುತ್ತಾರೆ. ಕಲಿಸುವುದು ಮುಖ್ಯವಾಗಿ ಇದನ್ನೇ: ಮಗು ಕೇಳದಿದ್ದರೂ ಸಂತೈಸಿ, ತಳ್ಳಿದರೂ ಪಕ್ಕದಲ್ಲೇ ಕೂತಿರಿ. ಹೀಗೆ ಕಲಿತ ಮನೆಗಳ ಮಕ್ಕಳಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲಿನ ದಿನದ ಏರಿಳಿತವೂ ಸಹಜದತ್ತ ಬಂದಿತು. ಅದು ತಾನಾಗಿ ಬರುವುದು ನಿಧಾನ. ಎಂಟು ತಿಂಗಳಿಗಿಂತ ಹೆಚ್ಚು ಕಾಲ ಅನಾಥಾಲಯದಲ್ಲಿದ್ದು ಕೆನಡಾ ಸೇರಿದ ರೊಮೇನಿಯಾದ ಮಕ್ಕಳಲ್ಲಿ, ದತ್ತು ಬಂದು ಆರು ವರ್ಷ ದಾಟಿದ ಮೇಲೂ ಹಗಲಿನ ಹೊತ್ತಿನ ಕಾರ್ಟಿಸೋಲ್ ಹೆಚ್ಚಿತ್ತು ಎಂದು ಸಂಶೋಧಕಿ ಮೆಗನ್ ಗುನ್ನಾರ್ ಅಳೆದು ತೋರಿಸಿದ್ದಾರೆ.

ಇಷ್ಟರ ನಡುವೆ ಶಸ್ತ್ರಚಿಕಿತ್ಸೆಯ ಪ್ರಶ್ನೆ ಬರುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮಗುವಿನ ಅಂಗುಳದ ಸೀಳನ್ನು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ, ತಡವಾದರೂ ಒಂದೂವರೆ ವರ್ಷದೊಳಗೆ ಮುಚ್ಚುತ್ತಾರೆ. ಅವಸರ ಊಟದ ಸಲುವಾಗಿ ಅಲ್ಲ, ಮಾತಿನ ಸಲುವಾಗಿ. ಮೂಗನ್ನು ಬೆರಳಿನಲ್ಲಿ ಒತ್ತಿ ಹಿಡಿದು ‘ಅಪ್ಪ’ ಎನ್ನಿ, ಸ್ಪಷ್ಟವಾಗಿ ಬರುತ್ತದೆ. ಹಾಗೇ ‘ಅಮ್ಮ’ ಎನ್ನಿ, ಕಟ್ಟಿಕೊಳ್ಳುತ್ತದೆ. ‘ಮ’ಕಾರಕ್ಕೆ ಗಾಳಿ ಮೂಗಿನಿಂದ ಹೊರಡಬೇಕು. ‘ಪ’ಕಾರಕ್ಕೆ ಅಂಗುಳ ಮೂಗಿನ ದಾರಿಯನ್ನು ಮುಚ್ಚಿ, ಗಾಳಿ ಬಾಯಿಯಲ್ಲೇ ಒತ್ತಿ ನಿಂತು, ತುಟಿ ಬಿಟ್ಟಾಗ ಸಿಡಿಯಬೇಕು. ಕ, ಗ, ತ, ದ, ಬ ಎಲ್ಲಕ್ಕೂ ಈ ಒತ್ತಡ ಬೇಕು. ಅಂಗುಳ ತೆರೆದ ಮಗು ಒತ್ತಡವನ್ನು ಬಾಯಲ್ಲಿ ಕಟ್ಟಲಾಗದೆ ಗಂಟಲಿನಲ್ಲೇ ಗಾಳಿಯನ್ನು ತಡೆದು ಒಂದು ಬದಲಿ ಶಬ್ದ ಮಾಡಿಕೊಳ್ಳುತ್ತದೆ. ಆ ರೂಢಿ ಬೇರೂರಿದರೆ, ಮುಂದೆ ಅಂಗುಳ ಮುಚ್ಚಿದರೂ ಅದನ್ನು ಬಿಡಿಸಲು ವಾಕ್‌ಚಿಕಿತ್ಸೆ ವರ್ಷಗಟ್ಟಲೆ ನಡೆಯಬೇಕಾಗುತ್ತದೆ. ಕಿವಿಯ ಸಮಸ್ಯೆ ಬೇರೆ. ನಡುಗಿವಿಗೂ ಗಂಟಲಿಗೂ ನಡುವಿನ ನಾಳವನ್ನು ತೆರೆಯುವ ಸ್ನಾಯು ಅಂಗುಳಕ್ಕೆ ಸೇರಿದ್ದು. ಅಂಗುಳ ಸೀಳಿದ್ದರೆ ನಾಳ ತೆರೆಯದೆ ಕಿವಿತಮಟೆಯ ಹಿಂದೆ ದ್ರವ ನಿಲ್ಲುತ್ತದೆ, ಕೇಳಿಸುವುದು ಮಂದವಾಗುತ್ತದೆ. ಹೊಸ ಭಾಷೆ ಕಲಿಯಬೇಕಾದ ಹೊತ್ತಿನಲ್ಲೇ ಹೀಗಾಗುವುದರಿಂದ, ಅಂಗುಳ ಹೊಲಿಯುವಾಗ ತಮಟೆಯಲ್ಲಿ ಪುಟ್ಟ ನಳಿಕೆಯನ್ನೂ ಕೂರಿಸಿಬಿಡುತ್ತಾರೆ.

ಎರಡು ವರ್ಷಕ್ಕೆ ಬಂದ ಮಗುವಿಗೆ ಈಗಾಗಲೇ ತಡವಾಗಿದೆ. ಹಾಗಾದರೆ ಮುಂದಿನ ವಾರವೇ ಮಾಡಿಬಿಡಬಹುದಲ್ಲ? ಇಲ್ಲಿ ಎರಡು ವೇಗಗಳು ಎದುರುಬದುರಾಗುತ್ತವೆ. ಶಸ್ತ್ರಚಿಕಿತ್ಸೆಯ ನಂತರ ಮಗು ಬೆರಳನ್ನು ಬಾಯಿಗಿಟ್ಟು ಹೊಲಿಗೆ ಬಿಚ್ಚದಂತೆ ಹಲವು ಕಡೆ ಒಂದೆರಡು ವಾರ ಮೊಣಕೈಗೆ ಪಟ್ಟಿ ಕಟ್ಟುತ್ತಾರೆ, ತೋಳು ಮಡಚಲಾಗುವುದಿಲ್ಲ. ಬೆರಳು ಚೀಪಿಯೇ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳಲು ಕಲಿತಿದ್ದ ಮಗುವಿಗೆ ಇದ್ದ ಒಂದೇ ಉಪಾಯವೂ ತಪ್ಪಿತು. ಬಾಯಿ ನೋಯುತ್ತದೆ, ಊಟ ನೀರಾಗಿದೆ, ಎದುರಿಗಿರುವ ಹೆಂಗಸನ್ನು ನೋಡಿ ಇನ್ನೂ ಕೆಲವೇ ವಾರವಾಗಿದೆ. ಅದಕ್ಕೇ ಅನೇಕ ತಂಡಗಳು, ಹೃದಯದ ತೊಂದರೆಯಂಥ ತುರ್ತು ಏನೂ ಇಲ್ಲದಿದ್ದರೆ, ಕೆಲವು ತಿಂಗಳು ತಡೆಯುತ್ತವೆ: ತೂಕ ಏರಲಿ, ರಕ್ತ ಸುಧಾರಿಸಲಿ, ನೋವಾದಾಗ ಹುಡುಕಲು ಮಗುವಿಗೆ ಒಂದು ಮುಖ ಗುರುತಾಗಲಿ. ತೀರಾ ತಡೆದರೆ ಮಾತಿಗೆ ಹೊಡೆತ. ಮೂರು ತಿಂಗಳೋ ಆರು ತಿಂಗಳೋ ಎಂಬುದು ಶಸ್ತ್ರವೈದ್ಯರು, ವಾಕ್‌ತಜ್ಞರು, ಮನೆಯವರು ಒಟ್ಟಿಗೆ ಕೂತು ಮಗುವನ್ನು ನೋಡಿ ತೀರ್ಮಾನಿಸುವ ವಿಷಯ.

ಆಸ್ಪತ್ರೆಯಲ್ಲಿ ಅಮ್ಮ ರಾತ್ರಿಯಿಡೀ ಮಂಚದ ಪಕ್ಕ ಇರಬಹುದು ಎಂಬುದೂ ಹೋರಾಡಿ ಪಡೆದದ್ದೇ. ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಅವರ ಜೊತೆಗಿದ್ದ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ, ಚಿಕ್ಕ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಿತ್ರ ತೆಗೆದರು. ದಿನೇ ದಿನೇ ಆಕೆ ಸುಮ್ಮನಾಗುತ್ತ, ನೋಡಲು ಬಂದ ಅಮ್ಮನಿಂದಲೇ ಮುಖ ತಿರುಗಿಸುವುದು ಅದರಲ್ಲಿ ಕಾಣುತ್ತದೆ. ಮಗು ಹೊಂದಿಕೊಂಡಿದೆ ಎಂದು ಅಲ್ಲಿಯವರೆಗೆ ವಾದಿಸುತ್ತಿದ್ದ ವೈದ್ಯರಲ್ಲಿ ಹಲವರು ಸಿಟ್ಟಾದರು. 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ, ತಾಯಂದಿರಿಗೆ ಯಾವ ಹೊತ್ತಿನಲ್ಲೂ ಪ್ರವೇಶವಿರಬೇಕೆಂದು ಶಿಫಾರಸು ಮಾಡಿತು.

ಭಾಷೆಯ ಓಟ ಮಾತ್ರ ಬೆರಗು ಹುಟ್ಟಿಸುವಂಥದ್ದು. ಹಾರ್ವರ್ಡಿನ ಜೆಸ್ಸಿ ಸ್ನೆಡೆಕರ್ ಚೀನಾದಿಂದ ತುಸು ದೊಡ್ಡವರಾಗಿ ಬಂದ ಮಕ್ಕಳ ಇಂಗ್ಲಿಷನ್ನು ಹಿಂಬಾಲಿಸಿದಾಗ, ಅವರೂ ಎಳೆಗೂಸುಗಳ ಕ್ರಮದಲ್ಲೇ ಕಲಿಯುವುದು ಕಂಡಿತು: ಮೊದಲು ವಸ್ತುಗಳ ಹೆಸರು, ಆಮೇಲೆ ಕ್ರಿಯಾಪದ, ಆಮೇಲೆ ವ್ಯಾಕರಣದ ಚೂರುಪಾರು. ವೇಗ ಮಾತ್ರ ಬಹಳ ಹೆಚ್ಚು. ಅಷ್ಟೇ ವೇಗದಲ್ಲಿ ಹಳೆಯ ಭಾಷೆ ಅಳಿಸಿಹೋಗುತ್ತದೆ. ಕೊರಿಯಾದಿಂದ ಮೂರರಿಂದ ಎಂಟರ ವಯಸ್ಸಿನಲ್ಲಿ ಫ್ರಾನ್ಸಿಗೆ ದತ್ತು ಹೋಗಿ ದೊಡ್ಡವರಾದವರು ಕೊರಿಯನ್ ಭಾಷೆಯನ್ನು ಗುರುತಿಸಲೂ ಆಗದೆ ಹೋದರೆಂದು 2003ರಲ್ಲಿ ಕ್ರಿಸ್ತಾಫ್ ಪಾಲಿಯೆ ತಂಡ ವರದಿ ಮಾಡಿತು. ಹಾಗೆಂದು ಎಲ್ಲವೂ ಅಳಿಸುವುದಿಲ್ಲ. ಒಂದು ವರ್ಷದ ಆಸುಪಾಸಿನಲ್ಲಿ ಚೀನಾದಿಂದ ಮಾಂಟ್ರಿಯಲ್‌ಗೆ ಬಂದು ಫ್ರೆಂಚ್ ಮಾತ್ರ ಬಲ್ಲ ಹುಡುಗಿಯರಿಗೆ 2014ರ ಅಧ್ಯಯನವೊಂದರಲ್ಲಿ ಚೀನೀ ಭಾಷೆಯ ಸ್ವರದ ಏರಿಳಿತ ಕೇಳಿಸಿದರು. ಒಂದಕ್ಷರವೂ ಅರ್ಥವಾಗದಿದ್ದರೂ ಅವರ ಎಡ ಮಿದುಳು ಚೀನೀ ಮಾತಾಡುವವರ ಮಿದುಳಿನಂತೆಯೇ ಸ್ಪಂದಿಸಿತು. ಮನೆಯಲ್ಲಿ ಇದರ ಉಪಯೋಗ ಹೀಗೆ: ಸೀಳು ಅಂಗುಳದ ಮಗು ಎಷ್ಟು ಮಾತಾಡುತ್ತದೆ ಎಂದು ಎಣಿಸುವುದರ ಜೊತೆಗೆ ಎಷ್ಟು ಅರ್ಥಮಾಡಿಕೊಳ್ಳುತ್ತದೆ ಎಂದೂ ನೋಡಬೇಕು. ‘ಬೂಟು ತಾ’ ಎಂದರೆ ತರುವ, ಹೇಳಲು ಮಾತ್ರ ಬಾರದ ಮಗುವಿನ ತೊಂದರೆ ಬಾಯಿಯದು. ತರಲೂ ತಿಳಿಯದಿದ್ದರೆ ಮೊದಲು ಕಿವಿ ಪರೀಕ್ಷಿಸಬೇಕು.

ಭಾರತದಿಂದಲೂ ಮಕ್ಕಳು ಹೀಗೆ ಹೋಗುತ್ತಾರೆ. ವಕೀಲ ಲಕ್ಷ್ಮೀಕಾಂತ ಪಾಂಡೆ 1982ರಲ್ಲಿ ಬರೆದ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ ಸುಪ್ರೀಂ ಕೋರ್ಟ್ 1984ರಲ್ಲಿ ಅಂತರದೇಶೀಯ ದತ್ತುವಿಗೆ ಕಟ್ಟುನಿಟ್ಟು ವಿಧಿಸಿತು. 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ‘ಕಾರಾ’ ಬಂತು. 2024-25ರಲ್ಲಿ ದೇಶದಲ್ಲಿ ಆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವು. ಉಳಿದ ಕೆಲವು ನೂರು ಮಾತ್ರ ಹೊರಗಿನವು. ಕರ್ನಾಟಕದ ವಿಶೇಷ ದತ್ತು ಸಂಸ್ಥೆಗಳ ಮಕ್ಕಳೂ ಕಾರಾದ ಇದೇ ರಾಷ್ಟ್ರೀಯ ಪಟ್ಟಿಯಲ್ಲಿರುತ್ತಾರೆ. ಚಿಕಿತ್ಸೆ ಬೇಕಿರುವ, ಇಲ್ಲಿ ಯಾರೂ ಮುಂದೆ ಬಾರದ ಮಕ್ಕಳೇ ಹೊರದೇಶಕ್ಕೆ ಹೆಚ್ಚಾಗಿ ಹೋಗುವುದು.

ಹಿಂದೆ ಸ್ವೀಡನ್ನಿಗೆ ಹೀಗೆ ಹೋದ ಭಾರತದ ಹೆಣ್ಣುಮಕ್ಕಳಿಂದ ವೈದ್ಯಲೋಕ ಒಂದು ಪಾಠ ಕಲಿಯಿತು. ಅಂಥ 107 ಹುಡುಗಿಯರನ್ನು ಅಧ್ಯಯನ ಮಾಡಿದ ಉಪ್ಸಲಾದ ವೈದ್ಯರು 1991ರಲ್ಲಿ ವರದಿ ಮಾಡಿದಂತೆ, ಅವರು ಮೈನೆರೆದ ಮಧ್ಯಮ ವಯಸ್ಸು 11.6 ವರ್ಷ, ಸ್ವೀಡನ್ನಿನ ಹುಡುಗಿಯರಿಗಿಂತಲೂ ಭಾರತದ ಅನುಕೂಲಸ್ಥ ಮನೆಗಳ ಹುಡುಗಿಯರಿಗಿಂತಲೂ ಬೇಗ. ಎಲ್ಲರಿಗಿಂತ ಕಿರಿಯಳಿಗೆ ಆಗ ಏಳು ವರ್ಷ ದಾಟಿತ್ತಷ್ಟೆ. ಬಂದಾಗ ತೀರಾ ಕುಳ್ಳಗಿದ್ದು ಆಮೇಲೆ ಅತಿ ವೇಗವಾಗಿ ಬೆಳೆದವರಲ್ಲಿ ಇದು ಹೆಚ್ಚು. ಬೇಗ ಮೈನೆರೆದರೆ ಎಲುಬಿನ ಬೆಳವಣಿಗೆಯ ತುದಿಗಳೂ ಬೇಗ ಮುಚ್ಚಿ, ಎತ್ತರ ಅಲ್ಲಿಗೇ ನಿಲ್ಲುತ್ತದೆ. ಮೊದಲ ತಿಂಗಳುಗಳಲ್ಲಿ ಕಂಡು ಹಿಗ್ಗಿದ ವೇಗದ ಬೆಲೆಯನ್ನು ದೇಹ ಇಷ್ಟು ದೂರದಲ್ಲಿ ಕೇಳಬಹುದೆಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ.

ಆರನೇ ತಿಂಗಳ ಭೇಟಿಯಲ್ಲಿ ಮಗುವಿನ ಕಡತ ಬಂದಾಗಿನ ನಾಲ್ಕು ಪಟ್ಟು ದಪ್ಪವಾಗಿರುತ್ತದೆ. ತೂಕ, ಎತ್ತರ, ತಲೆಯ ಸುತ್ತಳತೆಗಳ ಮೂರು ಗೆರೆಗಳು ಮೂರು ಕೋನದಲ್ಲಿ ಏರಿವೆ. ಹೆಪಟೈಟಿಸ್-ಬಿ, ಕ್ಷಯ, ಕಬ್ಬಿಣ, ಸೀಸ ಎಲ್ಲಕ್ಕೂ ಎರಡನೇ ಸಲ ಪರೀಕ್ಷೆ ಮಾಡುತ್ತಾರೆ. ಈ ಸಲ ಮಗು ಸೂಜಿ ಕಂಡು ಕಿರುಚುತ್ತದೆ, ಅಮ್ಮನ ಕುತ್ತಿಗೆಗೆ ಜೋತುಬೀಳುತ್ತದೆ, ಮತ್ತು ದಾದಿ ಅದನ್ನೂ ಒಳ್ಳೆಯ ಲಕ್ಷಣವೆಂದು ಬರೆದುಕೊಳ್ಳುತ್ತಾರೆ. ಶ್ರವಣ ಪರೀಕ್ಷೆಗೆ, ಅಂಗುಳದ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗುತ್ತದೆ. ಹೆಣ್ಣುಮಗುವಾದರೆ ಹೊರಡುವ ಮುನ್ನ ಇನ್ನೊಂದು ಸೂಚನೆಯೂ ಇರುತ್ತದೆ: ಎಂಟು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ಎತ್ತರ ಅಳೆದು ಬರೆದಿಡಿ, ಗೆರೆ ಹಠಾತ್ತನೆ ಜಿಗಿದರೆ, ಎದೆ ಮೂಡುವ ಲಕ್ಷಣ ಕಂಡರೆ, ಹಾರ್ಮೋನು ತಜ್ಞರನ್ನು ಕಾಣಲು ತಡಮಾಡಬೇಡಿ.